ಬಾಳೆಯ ಸಿಪ್ಪೆಯೂ ಮುಖದ ಕಾಂತಿಯೂ

ಕಲಬುರಗಿ ಜಿಲ್ಲೆಯ ಕಮಲಾಪುರದ ಕೆಂಪು ಬಾಳೆಯು ಭೌಗೋಳಿಕ ಸೂಚಿಯ ಮನ್ನಣೆ ಪಡೆದ ಹಣ್ಣು. ಬಾಳೆಯ ಸಿಪ್ಪೆಯಲ್ಲಿ ಉತ್ಕರ್ಷಣವನ್ನು ತಡೆಯುವ ಫಿನಾಲಿಕ್ ಸಂಯುಕ್ತಗಳುಂಟು. ಅವುಗಳಿಂದ ಮುಖಕ್ಕೆ ಹಚ್ಚುವ ಸೀರಮ್ ತಯಾರಿಸಬೇಕೆಂಬ ವಿಚಾರವು ಸ್ವಾಗತಾರ್ಹವೇ ಸರಿ. ಆದರೆ ಅವಸರ ಸಲ್ಲದು. 1958ರಲ್ಲಿ ಬ್ಲಾಯ್ಸ್ ಎಂಬ ವಿಜ್ಞಾನಿಯು ಪ್ರಕಟಿಸಿದ ಡಿಪಿಪಿಎಚ್ ಪರೀಕ್ಷೆಯಲ್ಲಿ ಇಂಥ ಸಂಯುಕ್ತಗಳು ನೇರಳೆ ದ್ರಾವಣವನ್ನು ಹಳದಿಯಾಗಿಸುತ್ತವೆ. ಅದು ಪ್ರನಾಳದೊಳಗಿನ ಜಯ ಮಾತ್ರ. ಚರ್ಮದ ಹೊರಪದರವು ಅನೇಕ ವಸ್ತುಗಳನ್ನು ಸುಲಭವಾಗಿ ಒಳಬಿಡದು. ಶುದ್ಧವಾದ ಸಿ ಜೀವಸತ್ತ್ವವೇ ಗಾಳಿ ಬೆಳಕುಗಳಿಂದ ಕೆಡುವಾಗ ಸಿಪ್ಪೆಯ ಸಾರದ ಪಾಡೇನು? ಬಾಳಿಕೆ, ಚರ್ಮದೊಳಕ್ಕೆ ಸೇರುವಿಕೆ, ನಿರಪಾಯತೆ ಇವು ಮೂರೂ ರುಜುವಾತಾಗುವವರೆಗೆ ಸೀಸೆಯ ಮೇಲೆ ಕಮಲಾಪುರದ ಹೆಸರನ್ನು ಅಂಟಿಸಲಾಗದು. ಕಲಬುರಗಿಯ ವಿದ್ಯಾರ್ಥಿಗಳು ಈ ಪರೀಕ್ಷೆಗಳನ್ನು ಕೈಗೊಳ್ಳಲಿ. ರೈತರು ಗಳಿಸಿದ ಕೀರ್ತಿಯು ಪೊಳ್ಳು ಜಾಹೀರಾತಿನಿಂದ ಕುಂದಬಾರದು.