ಇಳಿಯುವ ನಿರ್ಧಾರ ಮತ್ತು ನಷ್ಟದ ಲೆಕ್ಕ

2000ದ ಜನವರಿ 31ರಂದು ಮೆಕ್ಸಿಕೋದಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಹೊರಟಿದ್ದ ಅಲಾಸ್ಕಾ ಏರ್‌ಲೈನ್ಸ್ ವಿಮಾನದ ಬಾಲದಲ್ಲಿರುವ ಸಮತೋಲನ ಫಲಕವು ಹಾರಾಟದ ನಡುವೆ ಸಿಲುಕಿಕೊಂಡಿತು. ಮಾರ್ಗ ಬದಲಿಸಿ ಲಾಸ್ ಏಂಜಲಿಸ್‌ನಲ್ಲಿ ಇಳಿಯಲು ಕ್ಯಾಪ್ಟನ್ ಬಯಸಿದರು. ಸ್ಯಾನ್ ಫ್ರಾನ್ಸಿಸ್ಕೋಗೇ ಮುಂದುವರಿಯುವಂತೆ ಕಂಪನಿಯ ಸಂಚಾರ ನಿಯಂತ್ರಣ ಸಿಬ್ಬಂದಿ ಅವರ ಮೇಲೆ ಪ್ರಭಾವ ಬೀರಲು ಯತ್ನಿಸಿದಂತೆ ತೋರುತ್ತದೆಂದು ತನಿಖಾ ಮಂಡಳಿಯು ದಾಖಲಿಸಿದೆ. ಕ್ಯಾಪ್ಟನ್ ಮಣಿಯಲಿಲ್ಲ. ಆದರೆ ಇಳಿಯುವ ಮೊದಲೇ ವಿಮಾನ ಸಾಗರಕ್ಕೆ ಬಿದ್ದು, ಅದರಲ್ಲಿದ್ದ 88 ಮಂದಿಯೂ ಮಡಿದರು.

ಸಿಬ್ಬಂದಿಯ ಒತ್ತಡ ಅಪಘಾತಕ್ಕೆ ಕಾರಣವಲ್ಲ. ಫಲಕವನ್ನು ಚಲಿಸುವ ಸ್ಕ್ರೂಗೆ ಸಾಕಷ್ಟು ಗ್ರೀಸ್ ಇಲ್ಲದೆ ನಟ್ಟಿನ ಥ್ರೆಡ್ ಸವೆದುಹೋಗಿತ್ತು; ಗ್ರೀಸ್ ಹಾಕುವ ಅವಧಿಯನ್ನು ನಿಯಂತ್ರಣ ಸಂಸ್ಥೆಯ ಒಪ್ಪಿಗೆಯಿಂದಲೇ ಹಿಗ್ಗಿಸಲಾಗಿತ್ತು. ಆದರೂ ಎರಡೂ ಒಂದೇ ಧೋರಣೆಯ ಫಲ.

ಮಾರ್ಗ ಬದಲಿಸಿದರೆ ತಗಲುವ ಇಂಧನ, ವಿಳಂಬ, ಪ್ರಯಾಣಿಕರ ವಸತಿ ಇವೆಲ್ಲ ಖರ್ಚಿನ ಪಟ್ಟಿಯಲ್ಲಿ ಕಾಣುತ್ತವೆ. ತಪ್ಪಿದ ಅನಾಹುತ ಯಾವ ಖಾತೆಯಲ್ಲೂ ಜಮೆಯಾಗುವುದಿಲ್ಲ. ಆದಕಾರಣವೇ ಹಾರಾಟದಲ್ಲಿ ಅಂತಿಮ ಅಧಿಕಾರವನ್ನು ಕಾನೂನು ಕ್ಯಾಪ್ಟನ್ನರಿಗೆ ಕೊಟ್ಟಿದೆ.

ಕಾರ್ಖಾನೆಗೂ ಈ ನ್ಯಾಯ ಅನ್ವಯಿಸುತ್ತದೆ. ಅಪರಿಚಿತ ಸದ್ದು ಕೇಳಿ ಯಂತ್ರ ನಿಲ್ಲಿಸಿದ ಕೆಲಸಗಾರನಿಗೆ ಮಾಲೀಕರು ಮೊದಲು ಕೇಳಬೇಕಾದುದು ಸದ್ದಿನ ವಿಚಾರ, ತಪ್ಪಿದ ಆರ್ಡರಿನದಲ್ಲ. ನಷ್ಟದ ಪ್ರಶ್ನೆಯೇ ಮೊದಲಾದರೆ, ಮುಂದಿನ ಸಲ ಆತ ಯಂತ್ರ ನಿಲ್ಲಿಸುವುದಿಲ್ಲ.