ಚಿಹ್ನೆಯ ತಪ್ಪೂ ಸತ್ಯದ ಪರೀಕ್ಷೆಯೂ

ಹೆಣ್ಣುಮಕ್ಕಳಿಗೆ ಬೀಜಗಣಿತವು ಏತಕ್ಕೆಂದು ಪೋಷಕರನೇಕರು ನಮ್ಮನ್ನು ಕೇಳುವುದುಂಟು. ತೇರ್ಗಡೆಯಾಗುವಷ್ಟು ಸೂತ್ರಗಳನ್ನು ಬಾಯಿಪಾಠ ಮಾಡಿಸಿದರೆ ಸಾಲದೇ ಎಂಬುದು ಅವರ ಮಾತಿನ ತಾತ್ಪರ್ಯ. ಸಾಲದೆಂಬುದೇ ನಮ್ಮ ದೃಢವಾದ ಅಭಿಪ್ರಾಯ. ಅದರ ಕಾರಣವನ್ನು ಒಂದು ಚಿಕ್ಕ ಲೆಕ್ಕದಿಂದಲೇ ಅರಿಕೆ ಮಾಡುವೆವು.

ಯ = (ಕ್ಷ + ಕ)(ಕ್ಷ − 2) ಎಂಬ ಬಹುಪದೋಕ್ತಿಯ ನಕ್ಷೆಯು ಕ್ಷ-ಅಕ್ಷವನ್ನು −3 ಮತ್ತು 2 ಎಂಬ ಸ್ಥಾನಗಳಲ್ಲಿ ಛೇದಿಸುವುದು; ಹಾಗಾದರೆ ಕ ಎಷ್ಟು? ಈ ಪ್ರಶ್ನೆಯನ್ನು ಕೊಟ್ಟಾಗಲೆಲ್ಲ ಹಲವು ಹುಡುಗಿಯರು −3 ಎಂದೇ ಬರೆಯುವರು. ನಾವು ಹುಬ್ಬು ಗಂಟಿಕ್ಕಿದೊಡನೆ ಅದನ್ನು ಅಳಿಸಿ 3 ಎಂದು ತಿದ್ದುವರು. "ಏಕೆ ತಿದ್ದಿದೆ, ಮಗು?" ಎಂದರೆ ತಲೆ ತಗ್ಗಿಸುವರು. ಉತ್ತರವೇನೋ ಸರಿಯಾಯಿತು, ಆದರೆ ಅದು ನಮ್ಮ ಮುಖವನ್ನು ನೋಡಿ ಸರಿಯಾದುದೇ ಹೊರತು ಲೆಕ್ಕವನ್ನು ನೋಡಿ ಅಲ್ಲ. ಇದರಲ್ಲಿ ತಪ್ಪು ಮಕ್ಕಳದಲ್ಲ. ಚಿಹ್ನೆಯನ್ನು ಬದಲಿಸಿರೆಂಬ ಸೂತ್ರವನ್ನು ಮಾತ್ರ ಕಲಿಸಿದ ನಮ್ಮದು.

ನಕ್ಷೆಯು ಅಕ್ಷವನ್ನು ಮುಟ್ಟುವಲ್ಲಿ ಯ ಎಂಬುದು ಸೊನ್ನೆ. ಗುಣಲಬ್ಧವು ಸೊನ್ನೆಯಾಗಬೇಕಾದರೆ ಅಪವರ್ತನಗಳಲ್ಲಿ ಒಂದಾದರೂ ಸೊನ್ನೆಯಾಗಿರಲೇಬೇಕು. ಕ್ಷದ ಬೆಲೆಯು −3 ಆದಾಗ ಎರಡನೆಯ ಅಪವರ್ತನವು −5, ಅದು ಸೊನ್ನೆಯಲ್ಲ. ಆದಕಾರಣ −3 + ಕ ಎಂಬುದೇ ಸೊನ್ನೆಯಾಗಬೇಕು; ಎಂದರೆ ಕ = 3. ಕ = −3 ಎಂದು ಬರೆದವಳು ಅದನ್ನೇ ಇಟ್ಟು ನೋಡಲಿ. −6 ಮತ್ತು −5 ಇವುಗಳ ಗುಣಲಬ್ಧವು 30, ಸೊನ್ನೆಯಲ್ಲ. ತನ್ನ ತಪ್ಪನ್ನು ತಾನೇ ಕಂಡುಕೊಂಡ ಹುಡುಗಿಗೆ ಯಾರ ಹುಬ್ಬಿನ ಭಯವೂ ಬೇಕಿಲ್ಲ.

ಚಿಹ್ನೆಯಲ್ಲಿ ಎಡವಿದವಳು ನಾಚಬೇಕಾದುದೂ ಇಲ್ಲ. ಮೂಲದಿಂದ ಅಪವರ್ತನವನ್ನು ಪಡೆಯುವ ಕ್ರಮವನ್ನು ತನ್ನ 1637ರ ರೇಖಾಗಣಿತ ಗ್ರಂಥದಲ್ಲಿ ವಿವರಿಸಿದ ದೇಕಾರ್ತ್ ಪಂಡಿತನೇ ಋಣಮೂಲಗಳನ್ನು ಸುಳ್ಳುಮೂಲಗಳೆಂದು ಕರೆದನು.

ಇನ್ನೊಂದು ವಿಷಯವುಂಟು. ಯ = ಅ(ಕ್ಷ + 3)(ಕ್ಷ − 2) ಎಂದು ಕೊಟ್ಟು, ಅದೇ ಎರಡು ಛೇದನಸ್ಥಾನಗಳನ್ನು ಮಾತ್ರ ಹೇಳಿ, ಅ ಎಷ್ಟೆಂದು ಕೇಳಿದರೆ? ಸೊನ್ನೆಯೊಂದನ್ನು ಬಿಟ್ಟು ಅ ಯಾವುದಾದರೂ ಆ ಸ್ಥಾನಗಳು ಬದಲಾಗವು. "ಕೊಟ್ಟಿರುವುದು ಸಾಲದು" ಎಂಬುದೇ ಇಲ್ಲಿ ಸರಿಯುತ್ತರ. ಕ್ಷ ಸೊನ್ನೆಯಾದಾಗ ಯ −12 ಎಂದು ಇನ್ನೊಂದು ಸಂಗತಿ ತಿಳಿದುಬಂದರೆ −6ಅ = −12 ಆಗಿ, ಅ = 2 ಎಂದು ನಿಶ್ಚಯವಾಗುವುದು. ಸಾಲದ ಆಧಾರದ ಮೇಲೆ ತೀರ್ಪು ಕೊಡದಿರುವ ಈ ಸಂಯಮವು ನೆರೆಹೊರೆಯ ಮಾತುಗಳನ್ನು ಕೇಳುವಾಗಲೂ ಬೇಕಾದ ಗುಣವಲ್ಲವೇ?

ಎಲ್ಲವನ್ನೂ ಪರಿಶೋಧಿಸಬೇಕೆಂದು ಪೌಲನು ಥೆಸಲೋನಿಕದ ಸಭೆಗೆ ಬುದ್ಧಿ ಹೇಳಿದನು. ಪ್ರಿಯ ಹಳೆಯ ವಿದ್ಯಾರ್ಥಿನಿಯರೇ, ನಿಮ್ಮಲ್ಲಿ ಅನೇಕರು ಸೂತ್ರಗಳನ್ನು ಮರೆತಿರಬಹುದು; ಅದಕ್ಕಾಗಿ ನಾವು ದುಃಖಿಸೆವು. ಪೋಷಕರಲ್ಲಿ ನಮ್ಮ ಬಿನ್ನಹವಿಷ್ಟೇ: ಮಗಳು ಮನೆಗೆ ಬಂದಾಗ ಎಷ್ಟು ಅಂಕ ಬಂದಿತೆಂದು ಕೇಳುವುದಕ್ಕೆ ಮುಂಚೆ, ಉತ್ತರವು ಸರಿಯೆಂದು ನಿನಗೆ ಹೇಗೆ ತಿಳಿಯಿತೆಂದು ಒಮ್ಮೆ ಕೇಳಿರಿ.