ಡಾಕ್ಟ್ರಿಗೆ ಫೋಟೋ ಕಳಿಸೋ ಮುಂಚೆ...

ಮದುವೆಮನೆ ಊಟದೆಲೆಯನ್ನ ಹತ್ತು ಕೋನದಿಂದ ಕ್ಲಿಕ್ಕಿಸೋ ನಾವು, ಕೈಮೇಲೆದ್ದ ದದ್ದಿನ ಫೋಟೋ ಮಾತ್ರ ರಾತ್ರಿ ಟ್ಯೂಬ್‌ಲೈಟ್ ಕೆಳಗೆ ಒಂದೇ ಒಂದು ತೆಗೀತೀವಿ. ಅದೂ ಅಲುಗಾಡಿದ್ದು! "ಡಾಕ್ಟ್ರೇ, ಇದೇನು?" ಅಂತ ಕೇಳಿ ಕಳಿಸಿಬಿಡ್ತೀವಿ. ಸಾಫ್ಟ್‌ವೇರ್ ಭಾಷೇಲಿ ಹೇಳೋದಾದ್ರೆ ಇದು "ಕೆಲಸ ಮಾಡ್ತಿಲ್ಲ" ಅಂತಷ್ಟೇ ಬರೆದ ಬಗ್ ರಿಪೋರ್ಟ್. ಪಾಪ, ಅವರಾದ್ರೂ ಏನು ಮಾಡ್ಬೇಕು?

ನನ್ನ ಪ್ರಕಾರ ಇದರಲ್ಲಿ ಫೋನಿನ ಪಾಲೂ ಇದೆ. ಬ್ಯೂಟಿ ಮೋಡ್ ಕಲೆ ಅಳಿಸಿ ಚರ್ಮ ನುಣುಪು ಮಾಡುತ್ತೆ. ಡಾಕ್ಟ್ರಿಗೆ ಬೇಕಿರೋದೇ ಆ ಕಲೆ!

ಬಣ್ಣದ್ದು ಇನ್ನೊಂದು ತೊಂದರೆ. ಬಿಳಿ ಚರ್ಮದ ಮೇಲೆ ಕೆಂಪಗೆ ಕಾಣೋ ದದ್ದು ನಮ್ಮ ಮೈಬಣ್ಣದ ಮೇಲೆ ಕಂದು, ನೇರಳೆ ಅಥವಾ ಬೂದು ಬಣ್ಣಕ್ಕೆ ಕಾಣಬಹುದು. ಲಂಡನ್ನಿನ ವೈದ್ಯ ವಿದ್ಯಾರ್ಥಿ ಮಲೋನ್ ಮುಕ್ವೆಂಡೆ 2020ರಲ್ಲಿ ತನ್ನ ಅಧ್ಯಾಪಕರ ಜತೆ ಸೇರಿ 'ಮೈಂಡ್ ದ ಗ್ಯಾಪ್' ಕೈಪಿಡಿ ತಂದದ್ದು ಇದನ್ನೇ ತೋರಿಸೋಕೆ. ಬೆಳಕು ಸರಿಯಿಲ್ಲದಿದ್ರೆ ಈ ಸೂಕ್ಷ್ಮ ವ್ಯತ್ಯಾಸ ಫೋಟೋದಲ್ಲಿ ಉಳಿಯೋದೇ ಇಲ್ಲ.

ಅದಕ್ಕೇ ಹಗಲಲ್ಲಿ ಕಿಟಕಿ ಪಕ್ಕ ನಿಂತು ತೆಗೀರಿ. ಫ್ಲಾಶ್ ಬೇಡ, ಫಿಲ್ಟರ್ ಬೇಡ. ಮೈಯ ಯಾವ ಭಾಗ ಅಂತ ತಿಳಿಯೋಕೆ ದೂರದಿಂದ ಒಂದು. ಪಕ್ಕದಲ್ಲಿ ಸ್ಕೇಲ್ ಇಟ್ಟು ಹತ್ತಿರದಿಂದ ಒಂದು. ಉಬ್ಬಿದೆಯೋ ಇಲ್ವೋ ಗೊತ್ತಾಗೋಕೆ ಓರೆಯಿಂದ ಇನ್ನೊಂದು. ತೀರಾ ಹತ್ತಿರ ಹೋದ್ರೆ ಫೋಕಸ್ ಕೂರಲ್ಲ, ಸ್ವಲ್ಪ ಹಿಂದೆ ಸರೀರಿ. ವಾಟ್ಸಾಪ್‌ನಲ್ಲಾದ್ರೆ ಡಾಕ್ಯುಮೆಂಟ್ ಆಗಿ ಕಳಿಸಿ, ಇಲ್ಲಾಂದ್ರೆ ಫೋಟೋ ಕುಗ್ಗುತ್ತೆ. ಯಾವಾಗ ಶುರುವಾಯ್ತು, ತುರಿಸುತ್ತಾ, ಏನು ಹಚ್ಚಿದ್ರಿ ಅಂತ ಎರಡು ಸಾಲು ಬರೀರಿ.

ಅರಿಶಿನ, ಮುಲಾಮು ಹಚ್ಚೋ ಮುಂಚೆಯೇ ಫೋಟೋ ಆಗಿಬಿಡ್ಲಿ. ಮೆಡಿಕಲ್ ಶಾಪಲ್ಲಿ ಕೇಳಿ ತಂದ ಸ್ಟಿರಾಯ್ಡ್ ಕ್ರೀಮಂತೂ ಹುಳುಕಡ್ಡಿಯ ಚಹರೆಯನ್ನೇ ಬದಲಾಯಿಸಿಬಿಡಬಹುದು.

ಇಷ್ಟೆಲ್ಲ ಮಾಡಿದ್ರೂ ಫೋಟೋ ಫೋಟೋನೇ. ಮುಟ್ಟಿದ್ರೆ ಗೊತ್ತಾಗದ ಬಿಳಿಚಿದ ಮಚ್ಚೆ ಕುಷ್ಠದ್ದಿರಬಹುದು. ಸ್ಪರ್ಶಜ್ಞಾನ ಹೋಗಿರೋದನ್ನ ಯಾವ ಮೆಗಾಪಿಕ್ಸೆಲ್ಲೂ ತೋರಿಸಲ್ಲ. ಜ್ವರದ ಜತೆ ದದ್ದು, ಬೊಬ್ಬೆ ಬೇಗ ಹರಡ್ತಿದ್ರೆ ಕ್ಯಾಮೆರಾ ಹುಡುಕ್ತಾ ಕೂರಬೇಡಿ, ಆಸ್ಪತ್ರೆಗೆ ಹೊರಡಿ. ನಮ್ಮ ದೇಶದ 2020ರ ಟೆಲಿಮೆಡಿಸಿನ್ ಮಾರ್ಗಸೂಚಿ ಕೂಡ, ರೋಗಿಯನ್ನ ನೇರವಾಗಿ ನೋಡಬೇಕೋ ಬೇಡವೋ ಅನ್ನೋ ತೀರ್ಮಾನವನ್ನ ವೈದ್ಯರಿಗೇ ಬಿಟ್ಟಿದೆ. ಅವರು "ಬನ್ನಿ" ಅಂದ್ರೆ ಫೀಸಿಗೋಸ್ಕರ ಅನ್ಕೋಬೇಡಿ, ಹೋಗಿ ಬನ್ನಿ.

ಏನಂತೀರಿ?